ಗುಂಡಿಗೆ ಮೊಸಳೆ, ಗೋಡೆಗೆ ಹಂಪಿ

ಬೆಂಗಳೂರಿನಲ್ಲಿ ಕಲಾವಿಮರ್ಶೆ ಸತ್ತೇಹೋಯಿತು ಎಂದು ಕೊರಗುವವರು ನಗರಪಾಲಿಕೆಯನ್ನು ಮರೆತಿದ್ದಾರೆ. ಪತ್ರಿಕೆಯ ಪುರವಣಿಯಲ್ಲಿ ಕಲಾಪ್ರದರ್ಶನಕ್ಕೆ ಸಿಗುತ್ತಿದ್ದ ಅರ್ಧ ಪುಟವನ್ನು ವಾರಭವಿಷ್ಯ ನುಂಗಿರಬಹುದು. ಆದರೆ ಕಲಾಕೃತಿಯೊಂದನ್ನು ನೋಡಿ, ಮನಸ್ಸು ಕಲಕಿ, ರಾತ್ರಿ ನಿದ್ದೆಗೆಟ್ಟು, ಬೆಳಗಾಗುತ್ತಲೇ ಜಲ್ಲಿ, ಡಾಂಬರು, ರೋಡ್ ರೋಲರ್ ಸಮೇತ ಸ್ಥಳಕ್ಕೆ ಬಂದು ಪ್ರತಿಕ್ರಿಯೆ ಕೊಡುವ ಸಹೃದಯರು ಪ್ಯಾರಿಸ್ಸಿನಲ್ಲೂ ಸಿಗಲಾರರು.

2015ರ ಜೂನ್ ತಿಂಗಳು. ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಪೈಪು ಒಡೆದು ದೊಡ್ಡದೊಂದು ಗುಂಡಿ ಬಿದ್ದಿತ್ತು. ಜನ ಅದನ್ನು ಬಳಸಿಕೊಂಡು ಓಡಾಡುತ್ತಿದ್ದರು, ಬೀಳುವವರು ಬೀಳುತ್ತಿದ್ದರು. ಹೀಗೆ ಎಲ್ಲವೂ ನಿಯಮದಂತೆಯೇ ನಡೆದಿದ್ದಾಗ, ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು ಸ್ವಂತ ಜೇಬಿನಿಂದ ಸುಮಾರು 6,000 ರೂಪಾಯಿ ಹಾಕಿ, 20 ಕೆಜಿ ತೂಕದ ಫೈಬರ್ ಮೊಸಳೆಯೊಂದನ್ನು ತಂದು ಆ ಗುಂಡಿಯಲ್ಲಿ ಬಿಟ್ಟರು. ಫೋಟೊ ಊರೂರು ಸುತ್ತಿತು. ಪಾಲಿಕೆ ಓಡೋಡಿ ಬಂದು ಗುಂಡಿ ಮುಚ್ಚಿತು.

ಇದು ಆಕಸ್ಮಿಕವಿರಬಹುದು ಎಂದು ಯಾರಾದರೂ ಅನುಮಾನ ಪಟ್ಟಿದ್ದರೆ 2019ರ ಸೆಪ್ಟೆಂಬರಿನಲ್ಲಿ ಅದೂ ಪರಿಹಾರವಾಯಿತು. ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯುತ್ತದೆಂದು ದೇಶವೇ ಕಾಯುತ್ತಿದ್ದ ವಾರ ಅದು. ಹೇರೋಹಳ್ಳಿ ಕಡೆಯ ತುಂಗಾನಗರದ ರಸ್ತೆಯಲ್ಲಿ ಅದೇ ಬಾದಲ್, ನಟ ಪೂರ್ಣಚಂದ್ರ ಮೈಸೂರು ಅವರಿಗೆ ಬಿಳಿಯ ಗಗನಯಾತ್ರಿಯ ಉಡುಪು ತೊಡಿಸಿ, ರಾತ್ರಿ ದೀಪದಲ್ಲಿ ಮೆಲ್ಲಗೆ ತೇಲುವಂತೆ ನಡೆಸಿ ವಿಡಿಯೊ ಮಾಡಿದರು. ಕುಳಿಗಳು, ಧೂಳು, ಕಪ್ಪು ಆಕಾಶ, ಎಲ್ಲ ಸಾಕ್ಷಾತ್ ಚಂದ್ರನದ್ದೇ. ಹಿಂದಿನಿಂದ ಆಟೊ ಒಂದು ಹಾದುಹೋಗುವವರೆಗೂ ನೋಡಿದವರು ಮೋಸಹೋದರು. ಮರುದಿನವೇ ಅಲ್ಲಿ ರಿಪೇರಿ ಕೆಲಸ ಶುರುವಾಯಿತು. ಪಾಪ, ನಿಜವಾದ ಲ್ಯಾಂಡರ್ ಆ ವಾರಾಂತ್ಯ ಸಂಪರ್ಕ ಕಳೆದುಕೊಂಡಿತು. ಬೆಂಗಳೂರಿನ ಚಂದ್ರನ ಮೇಲೆ ಮಾತ್ರ ಡಾಂಬರಿನ ಲಾರಿ ಸುರಕ್ಷಿತವಾಗಿ ಇಳಿಯಿತು.

ಇದರಿಂದ ತಿಳಿಯುವುದೇನೆಂದರೆ, ನಮ್ಮಲ್ಲಿ ಗುಂಡಿ ಎಂಬುದು ಗುಂಡಿಯಾಗಿರುವಷ್ಟು ಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಮೊದಲು ಕಲೆಯಾಗಬೇಕು. ಎಂಜಿನಿಯರ್ ಸಾಹೇಬರು ದಿನಾ ಅದೇ ರಸ್ತೆಯಲ್ಲಿ ಜೀಪು ಎತ್ತಿಹಾಕಿಕೊಂಡು ಹೋಗಿರುತ್ತಾರೆ, ಸೊಂಟಕ್ಕೆ ಬೆಲ್ಟೂ ಕಟ್ಟಿಕೊಂಡಿರುತ್ತಾರೆ. ಆದರೂ ಸೌಂದರ್ಯಾನುಭೂತಿ ಆಗದ ಹೊರತು ಎಸ್ಟಿಮೇಟ್ ಬರೆಯಲು ಪೆನ್ನು ಏಳುವುದಿಲ್ಲ. ಹೀಗಾಗಿ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು ಅರ್ಜಿ ಹಿಡಿದು ವಾರ್ಡ್ ಕಚೇರಿಗೆ ಹೋಗುವುದನ್ನು ಬಿಟ್ಟು ಒಳ್ಳೆಯ ಶಿಲ್ಪಿಯೊಬ್ಬರನ್ನು ಹುಡುಕುವುದು ವಾಸಿ. ಮೋರಿಗೆ ಮುಚ್ಚಳ ಬೇಕೆ? ಯಮಧರ್ಮನ ಚಿತ್ರ ಬರೆಸಿ. ಬೀದಿದೀಪ ಹತ್ತುತ್ತಿಲ್ಲವೆ? ಕಂಬದ ಕೆಳಗೆ ಲಾಟೀನು ಹಿಡಿದ ಅಜ್ಜಿಯನ್ನು ಕೂರಿಸಿ. ಕುಡಿಯುವ ನೀರಿಗೆ ಏನು ಮಾಡಬೇಕೆಂಬುದು ನನಗೂ ಹೊಳೆದಿಲ್ಲ. ಇಲ್ಲದ ನೀರಿನಲ್ಲಿ ಮೊಸಳೆ ಬಿಡುವುದು ಸ್ವಲ್ಪ ಕಷ್ಟ.

ಈ ಕಲೆಗೆ ಇರುವ ಒಂದೇ ತೊಂದರೆ, ಅದು ಗೆದ್ದ ದಿನವೇ ಸಾಯುತ್ತದೆ. ಚಿತ್ರ ಚೆನ್ನಾಗಿದ್ದಷ್ಟೂ ಬೇಗ ಮುಚ್ಚಿಹೋಗುತ್ತದೆ. ಯಾವುದಾದರೂ ಗುಂಡಿಯ ಚಿತ್ರ ತಿಂಗಳುಗಟ್ಟಲೆ ಉಳಿದಿದೆಯೆಂದರೆ ಕಲಾವಿದನ ಕೈಯಲ್ಲಿ ಕಸುವಿಲ್ಲವೆಂದೇ ಅರ್ಥ. ನಾಳೆ ಯಾರಾದರೂ ಇಂಥ ಕೃತಿಗಳ ಸಮಗ್ರ ಪ್ರದರ್ಶನ ಏರ್ಪಡಿಸಿದರೆ ನೋಡಲು ಸಿಗುವುದು ನುಣ್ಣಗಿನ ರಸ್ತೆಯೊಂದೇ. ಅದೂ ಮುಂದಿನ ಮಳೆಯವರೆಗೆ. ಆಮೇಲೆ ರಸ್ತೆ ತನ್ನಷ್ಟಕ್ಕೇ ಮೂಲಕೃತಿಗೆ ಮರಳುತ್ತದೆ.

ರಸ್ತೆಗೂ ಕಲೆಗೂ ಇನ್ನೊಂದು ನಂಟು ಇದೆ, ಅದು ವರ್ಷಕ್ಕೊಮ್ಮೆ ಜನವರಿಯ ಭಾನುವಾರದ್ದು. ಚಿತ್ರಕಲಾ ಪರಿಷತ್ತು 2003ರಲ್ಲಿ ಶುರುಮಾಡಿದ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯನ್ನು ವಾಹನಗಳಿಗೆ ಬಂದ್ ಮಾಡುತ್ತಾರೆ. ಮುಖ್ಯಮಂತ್ರಿಗಳ ಗೃಹಕಚೇರಿ ಇರುವ ಈ ರಸ್ತೆಯಲ್ಲಿ ಆ ಒಂದು ದಿನ ಬೆಂಗಾವಲು ಕಾರುಗಳ ಬದಲು ಕ್ಯಾನ್ವಾಸುಗಳು ಸಾಲುಗಟ್ಟುತ್ತವೆ. ರಾಜಸ್ಥಾನದಿಂದ, ಬಂಗಾಳದಿಂದ, ಧಾರವಾಡದಿಂದ, ಕಲಬುರಗಿಯಿಂದ ಬಂದ ಕಲಾವಿದರು ರಾತ್ರಿಯಿಡೀ ಬಸ್ಸು, ರೈಲಿನಲ್ಲಿ ಕೂತು ಬಂದ ಕಣ್ಣಿನಲ್ಲೇ ಫುಟ್‌ಪಾತಿನ ಮೇಲೆ ಚಿತ್ರ ಒರಗಿಸಿ ನಿಂತಿರುತ್ತಾರೆ. ಪರಿಷತ್ತಿನವರದು ಮನೆಗೊಂದು ಕಲಾಕೃತಿ ಎಂಬ ಘನವಾದ ಆಸೆ. ಸಂತೆಗೆ ಬಂದವರ ಆಸೆ ಬೇರೆ.

"ಇದೆಷ್ಟು ಸಾರ್?"

"ಹದಿನೆಂಟು ಸಾವಿರ ಮೇಡಂ. ಆಯಿಲ್ ಆನ್ ಕ್ಯಾನ್ವಾಸ್."

"ಫ್ರೇಮ್ ಸೇರಿಯಾ?"

"ಇಲ್ಲ ಮೇಡಂ, ಫ್ರೇಮ್ ನೀವು ಹಾಕಿಸ್ಕೋಬೇಕು."

"ಅಯ್ಯೋ. ಇದರಲ್ಲಿ ಹಸು ಎರಡಿದೆಯಲ್ಲಾ, ಒಂದೇ ಹಸು ಇರೋದು ಸ್ವಲ್ಪ ಕಮ್ಮಿಗೆ ಬರುತ್ತಾ?"

ಕಲಾವಿದ ಅರೆಗಳಿಗೆ ಯೋಚಿಸುತ್ತಾನೆ. ಹಿಂದಿನಿಂದ ಯಜಮಾನರು ಮೊಬೈಲಿನಲ್ಲಿ ಮನೆಯ ಸೋಫಾದ ಫೋಟೊ ತೆಗೆದು ತೋರಿಸುತ್ತಾರೆ. ಸೋಫಾ ಮರೂನು, ಹಸುಗಳು ನೀಲಿ, ಹೊಂದುವುದಿಲ್ಲ. ಚಿತ್ರದ ಮುಂದೆ ನಿಂತು ಮೂರು ಸೆಲ್ಫಿ ತೆಗೆದುಕೊಂಡು, ಪಕ್ಕದ ಗಾಡಿಯಲ್ಲಿ ಜೋಳ ಕೊಂಡು ಮುಂದೆ ಹೋಗುತ್ತಾರೆ. ಜೋಳಕ್ಕೆ ಚೌಕಾಸಿ ಇಲ್ಲ. ಹೀಗೆಂದರೂ ಈ ಸಂತೆಯನ್ನು ನಾನು ಬೈಯಲಾರೆ. ಗ್ಯಾಲರಿಯ ಗಾಜಿನ ಬಾಗಿಲು ಕಂಡರೆ ಚಪ್ಪಲಿ ಹೊರಗೆ ಬಿಡಬೇಕೋ ಹಾಕಿಕೊಂಡೇ ಹೋಗಬೇಕೋ ಎಂದು ಅಂಜುವ ಸಾವಿರಾರು ಮಂದಿ ಅಂದು ಒಂದಿಡೀ ದಿನ ಚಿತ್ರ ನೋಡುತ್ತಾರೆ. ಸೋಮವಾರ ಬೆಳಗ್ಗೆ ರಸ್ತೆ ಮತ್ತೆ ಕಾರುಗಳದ್ದಾಗುತ್ತದೆ.

ಇನ್ನು ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯ ಕಥೆ. ಚಿತ್ರಕಲಾವಿದ ಕೆ. ವೆಂಕಟಪ್ಪನವರು ಮಾಡಿದ ಕೆಲಸದ ಹಣಕ್ಕಾಗಿ ಮೈಸೂರು ಅರಮನೆಯ ವಿರುದ್ಧವೇ ಕೋರ್ಟಿಗೆ ಹೋದ ಖಡಕ್ ಮನುಷ್ಯ. ಅವರ ಹೆಸರಿನ ಗ್ಯಾಲರಿಯನ್ನು ಸರ್ಕಾರ ಪ್ರವಾಸಿ ತಾಣಗಳ ದತ್ತು ಯೋಜನೆಯಡಿ ಖಾಸಗಿ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಲು ಹೊರಟಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ತಂದೆತಾಯಿ ಬದುಕಿರುವಾಗಲೇ, ನಡುವಯಸ್ಸಿನ ಮಗನನ್ನು, ಅವನನ್ನೊಂದು ಮಾತೂ ಕೇಳದೆ ದತ್ತು ಕೊಡುವ ಕ್ರಮ ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ. ಆ ದಿನಗಳಲ್ಲಿ ಗ್ಯಾಲರಿಯ ಒಳಗಿಗಿಂತ ಹೊರಗೇ ಹೆಚ್ಚು ಕಲಾವಿದರು, ಹೆಚ್ಚು ಚಿತ್ರಗಳು, ಹೆಚ್ಚು ಪ್ರೇಕ್ಷಕರು. ಅದನ್ನೇ ಕಾಯಂ ಮಾಡಿದ್ದರೆ ಬಾಗಿಲಿಗೆ ಬೀಗ ಹಾಕಿಯೂ ಕಲೆ ಬೆಳೆಸಬಹುದಿತ್ತು.

ಗೋಡೆಗಳ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಸೊಗಸು. ಒಂದು ಕಾಲಕ್ಕೆ ಗಾಂಧಿನಗರದ ಸಿನಿಮಾ ಬ್ಯಾನರುಗಳನ್ನು ಬರೆಯುತ್ತಿದ್ದ, ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಕೈಗಳಿದ್ದವು. ನಾಯಕನ ಮೂಗನ್ನು ಆಳೆತ್ತರಕ್ಕೆ ಬರೆದರೂ ಸೊಟ್ಟ ಆಗದ ಕೈಗಳು. ಫ್ಲೆಕ್ಸ್ ಬಂದು ಅವರ ಅನ್ನ ಕಿತ್ತುಕೊಂಡಿತು. 2009ರಲ್ಲಿ ಪಾಲಿಕೆ, ಪೋಸ್ಟರ್ ಹಾವಳಿ ತಪ್ಪಲೆಂದು ನಗರದ ಗೋಡೆಗಳಿಗೆ ಚಿತ್ರ ಬರೆಸಲು ಹೊರಟಾಗ ಕರೆದದ್ದು ಇದೇ ಕೈಗಳನ್ನು. ಅವರು ಬಂದು ಹಂಪಿಯ ಕಲ್ಲಿನ ರಥ, ಜೋಗ, ದಸರಾ ಆನೆ, ಹುಲಿ, ಯಕ್ಷಗಾನ ಬರೆದರು. ನವ್ಯಕಲೆಯವರು ಮೂಗು ಮುರಿದರು, ಬಸ್ಸಿನಲ್ಲಿ ಕೂತ ಮಕ್ಕಳು ಕಿಟಕಿಗೆ ಮೂಗು ಒತ್ತಿಕೊಂಡು ನೋಡಿದರು. ಚಿತ್ರ ಬರೆದು ಮುಗಿದ ಮೇಲೆ ಅದರ ಮುಂದೆ ಎರಡು ಬಿದಿರು ನೆಟ್ಟು ಅಡ್ಡಲಾಗಿ ಕಟ್ಟಿದ್ದು ಏನನ್ನು? ಫ್ಲೆಕ್ಸನ್ನೇ.

ಜೋಗದ ಚಿತ್ರದ ಬಗ್ಗೆ ಒಂದು ಮಾತು. ಗೋಡೆಯ ಬಳಿ ಮೂತ್ರ ಮಾಡುವವರನ್ನು ತಡೆಯುವುದೂ ನಮ್ಮಲ್ಲಿ ಭಿತ್ತಿಚಿತ್ರದ ಕರ್ತವ್ಯಗಳಲ್ಲೊಂದು. ಧೋ ಎಂದು ನೀರು ಸುರಿಯುವ ಚಿತ್ರವನ್ನು ಎದುರಿಗಿಟ್ಟು, ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಸಿಕ್ಕಿ ಇಳಿದುಬಂದವನಿಗೆ ತಡೆದುಕೋ ಎನ್ನುವುದು ಅಮಾನುಷ. ಈ ತಪ್ಪನ್ನು ಮನೆಮಾಲೀಕರು ಮಾಡುವುದಿಲ್ಲ. ಅವರು ನೇರವಾಗಿ ಶಿವ, ಯೇಸು, ಮೆಕ್ಕಾ ಮೂರನ್ನೂ ಒಂದೇ ಸಾಲಿನ ಟೈಲ್ಸಿನಲ್ಲಿ ಅಂಟಿಸಿಬಿಡುತ್ತಾರೆ. ಸರ್ವಧರ್ಮ ಸಮನ್ವಯ ನಮ್ಮ ಊರಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ಇನ್ನೆಲ್ಲೂ ನಡೆದಿಲ್ಲ.

ಕಾನೂನು ಇಲ್ಲವೇ ಎಂದರೆ, ಧಾರಾಳವಾಗಿದೆ. ಸಾರ್ವಜನಿಕ ಜಾಗವನ್ನು ವಿರೂಪಗೊಳಿಸುವುದನ್ನು ತಡೆಯಲು 1981ರಲ್ಲೇ ಕಾಯ್ದೆ ಬಂದಿದೆ. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದಾಗ ಪಾಲಿಕೆ ಫ್ಲೆಕ್ಸುಗಳನ್ನು ಲಾರಿಗಟ್ಟಲೆ ಕಿತ್ತು ಸಾಗಿಸಿತು. ಕೆಲವು ದಿನ ಊರಿನ ಮುಖ ತೊಳೆದಿಟ್ಟಂತೆ ಕಂಡು ಜನ ದಾರಿ ತಪ್ಪಿದರು. ಯಾವ ಅಣ್ಣನ ಹುಟ್ಟುಹಬ್ಬದ ಬಳಿ ಎಡಕ್ಕೆ ತಿರುಗಬೇಕೆಂಬುದೇ ತಿಳಿಯಲಿಲ್ಲ. ಆಮೇಲೆ ಅಣ್ಣಂದಿರು ಮರಳಿದರು. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದು, ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಗುತ್ತಿದ್ದಂತೆ ಫ್ಲೆಕ್ಸುಗಳಲ್ಲಿ 'ಭಾವಿ ಕಾರ್ಪೊರೇಟರ್' ಎಂಬ ಹೊಸ ಹುದ್ದೆ ಹುಟ್ಟಿತು. ಬೆಂಗಳೂರಿನ ನಿಜವಾದ ಭಾವಚಿತ್ರ ಪರಂಪರೆ ಇದೇ. ಕೂಲಿಂಗ್ ಗ್ಲಾಸು, ಬಿಳಿ ಶರ್ಟು, ಕಿವಿಗೆ ಒತ್ತಿಹಿಡಿದ ಫೋನು, ಸುತ್ತ ಅಂಚೆಚೀಟಿ ಗಾತ್ರದ ನಲವತ್ತು ತಲೆಗಳು. ಮಧ್ಯದ ಮುಖದ ಗಾತ್ರದಿಂದ ಹಿಡಿದು ಮೂಲೆಯ ತಲೆಯವರೆಗೆ ಯಾರಿಗೆ ಎಷ್ಟು ಇಂಚು ಎಂಬುದಕ್ಕೆ ಅಲ್ಲೊಂದು ಕಟ್ಟುನಿಟ್ಟಾದ ಶಾಸ್ತ್ರವಿದೆ. ತಪ್ಪಿದರೆ ಜಗಳವಾಗುತ್ತದೆ. ನಮ್ಮ ಯಾವ ಕಲಾಕೃತಿಯ ಬಗ್ಗೆ ಜನ ಇಷ್ಟು ಗಂಭೀರವಾಗಿ ಕಾದಾಡಿದ್ದಾರೆ ಹೇಳಿ?

ಈಚೆಗೆ ಇನ್ನೊಂದು ಅನುಕೂಲವೂ ಆಗಿದೆ. 2025ರ ಸೆಪ್ಟೆಂಬರಿನಲ್ಲಿ ಇಡೀ ಊರಿಗೆ ಒಂದೇ ಆಗಿದ್ದ ಪಾಲಿಕೆ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಗಡಿಯ ಮೇಲೆ ಉದ್ದಕ್ಕೆ ಮಲಗಿದ ಗೋಡೆಯೊಂದನ್ನು ಊಹಿಸಿಕೊಳ್ಳಿ. ಅದರ ಮೇಲೆ ಹಂಪಿಯ ರಥ. ಮುಂದಿನ ಚಕ್ರ ಪಶ್ಚಿಮ ಪಾಲಿಕೆಯದು, ಹಿಂದಿನ ಚಕ್ರ ದಕ್ಷಿಣದ್ದು. ಮಳೆಗೆ ಬಣ್ಣ ಮಾಸಿತು. ಪಶ್ಚಿಮದವರು ತಮ್ಮ ಚಕ್ರಕ್ಕೆ ಟೆಂಡರ್ ಕರೆದು ಬೂದು ಬಣ್ಣ ಹೊಡೆಸುತ್ತಾರೆ. ದಕ್ಷಿಣದಲ್ಲಿ ಬೂದುಬಣ್ಣಕ್ಕೆ ಈ ಸಾಲಿನ ಬಜೆಟ್ಟಿನಲ್ಲಿ ಅವಕಾಶವಿಲ್ಲ, ಅವರದು ಹಸಿರು. ಚದರಡಿ ಅಳೆಯಲು ಬಂದ ಇಬ್ಬರು ಜೂನಿಯರ್ ಎಂಜಿನಿಯರುಗಳು ಟೇಪು ಹಿಡಿದು ರಥದ ನಡುವೆ ಸುಣ್ಣದ ಗೆರೆ ಎಳೆಯುತ್ತಾರೆ. ಗೆರೆ ಸರಿಯಾಗಿ ಗರುಡನ ಗುಡಿಯ ಬಾಗಿಲ ಮೇಲೇ ಹಾದುಹೋಗುತ್ತದೆ. ಬಾಗಿಲು ಯಾರಿಗೂ ಸೇರದ್ದರಿಂದ ಅದನ್ನು ಬಣ್ಣ ಬಳಿಯದೆ ಹಾಗೇ ಬಿಡುವುದೆಂದು ತೀರ್ಮಾನವಾಗಿ, ಇಬ್ಬರೂ ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕುವಷ್ಟರಲ್ಲಿ, ಖಾಲಿ ಉಳಿದ ಆ ಎರಡಡಿ ಜಾಗದಲ್ಲಿ ಯಾರೋ ಒಬ್ಬ ಹುಡುಗ ಬಕೆಟ್ಟಿನಿಂದ ಮೈದಾ ಅಂಟು ಬಳಿದು 'ಪಿಜಿ ಫಾರ್ ಜೆಂಟ್ಸ್, ಊಟ ಸಮೇತ' ಎಂಬ ಪೋಸ್ಟರ್ ಅಂಟಿಸಿ, ಬೈಕ್ ಹತ್ತಿ ಹೋಗಿರುತ್ತಾನೆ.