ಹಿಚ್ ಮೇಲಿನ ಅಂಕಿ ಪಿಕಪ್‌ನ ತಾಕತ್ತಲ್ಲ

ಅಮೆರಿಕದಲ್ಲಿ ಪಿಕಪ್ ಇಟ್ಟುಕೊಂಡವರ ನಡುವೆ ಒಂದು ಮಾತು ಓಡಾಡುತ್ತಿದೆ: 10,000 ಪೌಂಡ್ ತೂಕ ಎಳೆಯಬಲ್ಲದು ಅಂತ ಬರೆದಿರುವ ಹಿಚ್ (ಟ್ರೈಲರ್ ಕಟ್ಟಲು ಗಾಡಿಯ ಹಿಂದೆ ಕೂರಿಸುವ ಕೊಂಡಿ) ಹಾಕಿಸಿದರೆ ಅಷ್ಟು ಭಾರದ ಟ್ರೈಲರ್ ಎಳೆಯಬಹುದು ಅಂತ. ಇದು ತಪ್ಪು. ಗಾಡಿ, ಹಿಚ್, ಬಾಲ್ (ಟ್ರೈಲರ್‌ನ ಮೂತಿ ಕೂರುವ ಲೋಹದ ಗುಂಡು), ಅದನ್ನು ಹಿಚ್‌ಗೆ ಜೋಡಿಸುವ ಬಾಲ್ ಮೌಂಟ್, ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ. ಬಾಲ್ ಮೇಲೆ ಒತ್ತಿರುವ ಅಂಕಿ ಓದಿ ನೋಡಿ. 3,500 ಪೌಂಡ್ ಅಂತಿದ್ದರೆ ಅಲ್ಲಿಗೇ ಮುಗಿಯಿತು, ಹಿಚ್ ಎಷ್ಟೇ ಗಟ್ಟಿಯಿರಲಿ.

ಜಾಸ್ತಿ ಜನ ಮರೆಯುವುದು ಟ್ರೈಲರ್‌ನ ಮೂತಿ ಹಿಚ್ ಮೇಲೆ ಹೇರುವ ಭಾರವನ್ನು. ಮಾಮೂಲಿ ಟ್ರೈಲರ್‌ನಲ್ಲಿ ಅದು ಒಟ್ಟು ತೂಕದ ಶೇ. 10ರಿಂದ 15 ಇರಬೇಕು. ಕಡಿಮೆಯಾದರೆ ಓಡುವಾಗ ಟ್ರೈಲರ್ ಓಲಾಡುತ್ತದೆ, ಅದು ನಿಜಕ್ಕೂ ಅಪಾಯ. 7,000 ಪೌಂಡಿನ ಟ್ರೈಲರ್‌ಗೆ ಇದು 700ರಿಂದ 1,050 ಪೌಂಡ್ ಆಯಿತು, ಅಲ್ವಾ? ಮನೆಮಂದಿ, ಸಾಮಾನಿನ ಜೊತೆ ಇದೂ ಪಿಕಪ್ ಹೊರುವ ಭಾರದ ಲೆಕ್ಕಕ್ಕೇ ಸೇರುತ್ತದೆ. ಆ ಮಿತಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿದೆ. ದಯವಿಟ್ಟು ಅದನ್ನು ನೋಡದೆ ಟ್ರೈಲರ್ ಕಟ್ಟಬೇಡಿ.