ನನ್ನ ಆಟಗಾರನ ಎಡ ಮೊಣಕಾಲು

ನನ್ನ ಆಟಗಾರನ ಎಡ ಮೊಣಕಾಲಿನ ಬಗ್ಗೆ ನನಗೆ ತಿಳಿದಿರುವಷ್ಟು ಅವನ ವೈದ್ಯರಿಗೂ ತಿಳಿದಿರಲಾರದು. ಹರಿದದ್ದು ಎಸಿಎಲ್. ತೊಡೆಯ ಮೂಳೆಯನ್ನೂ ಮೊಣಕಾಲಿನ ಕೆಳಗಿನ ಮೂಳೆಯನ್ನೂ ಕೀಲಿನ ಒಳಗಡೆ ಓರೆಯಾಗಿ ಹಿಡಿದಿಡುವ ಅಸ್ಥಿರಜ್ಜು ಅದು. ಓಡುತ್ತಿರುವವನು ಪಾದವನ್ನು ನೆಲಕ್ಕೆ ಊರಿ ಮೈಯನ್ನಷ್ಟೇ ತಿರುಗಿಸಿದಾಗ ಹರಿಯುತ್ತದೆ. ಎಷ್ಟೋ ಸಲ ಎದುರಾಳಿ ಅವನನ್ನು ಮುಟ್ಟಿಯೂ ಇರುವುದಿಲ್ಲ. ಸಾಮಾನ್ಯವಾಗಿ ಅದನ್ನು ಹೊಲಿದು ಸರಿಮಾಡುವುದಿಲ್ಲ. ರೋಗಿಯ ದೇಹದಿಂದಲೇ ಬೇರೊಂದು ಸ್ನಾಯುರಜ್ಜುವಿನ ತುಂಡನ್ನು ತೆಗೆದು ಅಲ್ಲಿ ಕೂರಿಸುತ್ತಾರೆ. ಮೈದಾನಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ಇದನ್ನೆಲ್ಲ ನಾನು ಯಾವ ಪರೀಕ್ಷೆಗೂ ಓದಿದವನಲ್ಲ. ರಾತ್ರಿ ಎರಡು ಗಂಟೆಗೆ, ನಿದ್ದೆ ಬಾರದೆ, ಅವನ ಪರವಾಗಿ ಓದಿಕೊಂಡೆ.

ಕಳೆದ ತಿಂಗಳು ಅಮ್ಮನನ್ನು ಮೂಳೆ ವೈದ್ಯರ ಬಳಿ ಕರೆದುಕೊಂಡು ಹೋಗಿದ್ದೆ. ಅವರು ಬರೆಯುತ್ತಿದ್ದ ಕಾಗದದಿಂದ ತಲೆಯೆತ್ತದೆ “ಯಾವ ಕಾಲು?” ಎಂದು ನನ್ನನ್ನೇ ಕೇಳಿದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ನನ್ನ ಮುಖ ನೋಡಿದಳು. ಕೊನೆಗೆ ಅವಳೇ ಉತ್ತರ ಹೇಳಿದಳು. ಏನು ಹೇಳಿದಳೋ, ಅಷ್ಟರಲ್ಲಿ ನನ್ನ ಮೊಬೈಲಿಗೆ ಆ ದಿನದ ತಂಡದ ಪಟ್ಟಿ ಬಂದಿತ್ತು.

ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಅಮ್ಮನ ಮೊಣಕಾಲಿನ ಬಗ್ಗೆ ಯಾರೂ ಪತ್ರಿಕಾಗೋಷ್ಠಿ ಕರೆದಿರಲಿಲ್ಲ. ನಾಲ್ವರು ಪರಿಣತರು ಮೇಜಿನ ಸುತ್ತ ಕುಳಿತು, ನೋವಿರುವ ಜಾಗಕ್ಕೆ ಕೆಂಪು ವೃತ್ತ ಹಾಕಿ ತೋರಿಸಿರಲಿಲ್ಲ. ಅವಳು ಮೆಟ್ಟಿಲು ಹತ್ತುವಾಗ ನಡುವೆ ಒಂದು ಕ್ಷಣ ನಿಲ್ಲುತ್ತಿದ್ದಳು, ಅಷ್ಟೆ. ಅದನ್ನು ನಿಧಾನಗತಿಯಲ್ಲಿ ಮೂರು ಕೋನಗಳಿಂದ ಮರುಪ್ರಸಾರ ಮಾಡಿದ್ದರೆ ನಾನೂ ಗಮನಿಸುತ್ತಿದ್ದೆ.

ಅಲ್ಲದೆ, ನನಗೆ ಬಿಡುವೆಲ್ಲಿದೆ? ನಾನು ಮೂರು ಕಡೆ ನೌಕರಿ ಮಾಡುವವನು. ಒಬ್ಬ ಆಟಗಾರ, ಒಬ್ಬರು ನಟರು, ಒಬ್ಬ ಗಾಯಕಿ. ನನ್ನನ್ನು ನೇಮಿಸಿಕೊಂಡಿರುವ ವಿಷಯ ಮೂವರಿಗೂ ತಿಳಿದಿಲ್ಲ. ಸಂಬಳವಿಲ್ಲ, ವಾರದ ರಜೆಯಿಲ್ಲ, ನಿವೃತ್ತಿಯೂ ಇಲ್ಲ. ಅವರು ನಿವೃತ್ತರಾದ ಮೇಲೆ ಕೆಲಸ ಇನ್ನೂ ಹೆಚ್ಚುತ್ತದೆ. ಈಗಿನವರೆಲ್ಲ ಅವರ ಕಾಲಿನ ಧೂಳಿಗೂ ಸಮವಲ್ಲ ಎಂದು ದಿನಕ್ಕೊಮ್ಮೆ ಯಾರಿಗಾದರೂ ಹೇಳಬೇಕಲ್ಲ!

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು, ಟೆಲಿವಿಷನ್ನಿನಲ್ಲಿ ಕಾಣಿಸುವವರ ಮೇಲೆ ನೋಡುಗರಿಗೆ ಹುಟ್ಟುವ ಸಲುಗೆಯ ಬಗ್ಗೆ ಪ್ರಬಂಧ ಬರೆದರು. ಅದು ಒಮ್ಮುಖದ ಸಲುಗೆಯಂತೆ. ಈಚೆಯಿಂದ ಆಚೆಗೆ ಹರಿಯುತ್ತದೆ, ಆಚೆಯಿಂದ ಏನೂ ಬರುವುದಿಲ್ಲವಂತೆ. ಇದನ್ನು ನಾನು ಒಪ್ಪುವುದಿಲ್ಲ. ಹೋದ ವರ್ಷ ಗೋಲು ಹೊಡೆದ ಮೇಲೆ ನನ್ನ ಆಟಗಾರ ಕ್ಯಾಮೆರಾದತ್ತ ಕೈ ಬೀಸಿದ. ನಾನೂ ಬೀಸಿದೆ. ಮೊದಲು ಬೀಸಿದ್ದು ಯಾರು ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ಮೇಲೆ ಆಟಗಾರನಿಗೆ ಏಕವಚನವನ್ನೂ ನಟರಿಗೆ ಬಹುವಚನವನ್ನೂ ಬಳಸಿದ್ದೇನೆ. ಅದು ಅಚ್ಚಿನ ದೋಷವಲ್ಲ. ಅಭಿಮಾನಿಗಳ ವ್ಯಾಕರಣ ಶಾಲೆಯ ವ್ಯಾಕರಣಕ್ಕಿಂತ ಕಠಿಣವಾದದ್ದು. ದೇವರನ್ನು, ತಾಯಿಯನ್ನು, ಆಟಗಾರನನ್ನು ಏಕವಚನದಲ್ಲಿ ಕರೆದರೆ ಅದು ಭಕ್ತಿ. ಆದರೆ ಆ ಏಕವಚನ ನನ್ನ ಬಾಯಿಂದ ಬಂದಿರಬೇಕು. ಎದುರು ತಂಡದ ಅಭಿಮಾನಿ ನನ್ನ ಆಟಗಾರನನ್ನು “ಅವನು” ಎಂದರೆ ಅದು ಅವಹೇಳನ. ಅವೇ ಮೂರು ಅಕ್ಷರ, ಅದೇ ಉಚ್ಚಾರ. ಆದರೂ ಒಂದಕ್ಕೆ ಕಣ್ಣಲ್ಲಿ ನೀರು ಬರುತ್ತದೆ, ಇನ್ನೊಂದಕ್ಕೆ ಕೈ ಕೊರಳಪಟ್ಟಿಗೆ ಹೋಗುತ್ತದೆ. ನಟರ ವಿಷಯದಲ್ಲಿ ಈ ರಿಯಾಯಿತಿ ಯಾರಿಗೂ ಇಲ್ಲ. ನಟರು ಬಂದರು, ಎದ್ದರು, ಸೀನಿದರು. ಅವರು ಸಾಕಿದ್ದ ನಾಯಿ ಕೂಡ ಹೋದ ವರ್ಷ ‘ತೀರಿಕೊಂಡರು’. ಕಚೇರಿಯಲ್ಲಿ ಪಕ್ಕದ ಮೇಜಿನವರು ಒಮ್ಮೆ ಬಾಯಿತಪ್ಪಿ ನಟರನ್ನು “ಅವನಿಗೆ ವಯಸ್ಸಾಯಿತು” ಎಂದಾಗ, ವಯಸ್ಸಿನ ಮಾತು ಸುಳ್ಳೇ ನಿಜವೇ ಎಂದು ನಾನು ಯೋಚಿಸಲೇ ಇಲ್ಲ. ವಿಭಕ್ತಿ ಪ್ರತ್ಯಯದಲ್ಲಿಯೇ ಜಗಳ ಶುರುವಾಯಿತು. ಹನ್ನೊಂದು ದಿನ ಮಾತು ಬಿಟ್ಟಿದ್ದೆವು.

ಕ್ರಿಯಾಪದಗಳಿಗೆ ಬಂದರೆ ನಿಯಮ ಇನ್ನೂ ಸೊಗಸು. ತಂಡ ಗೆದ್ದಾಗ ಉತ್ತಮ ಪುರುಷ ಬಹುವಚನ: “ಗೆದ್ದೆವು.” ಸೋತಾಗ ಪ್ರಥಮ ಪುರುಷ ಬಹುವಚನ: “ಸೋತರು.” ಪಂದ್ಯ ಸಮವಾದರೆ ಕರ್ತೃವೇ ಇಲ್ಲ, ಮಳೆ ಬಂದ ಹಾಗೆ, “ಸಮವಾಯಿತು.” ತೀರ್ಪುಗಾರರ ಮೇಲೆ ಸಂಶಯವಿದ್ದರೆ ಪ್ರೇರಣಾರ್ಥಕ: “ಸೋಲಿಸಿದರು.” ಈ ನಿಯಮಗಳನ್ನು ಯಾವ ಮೇಷ್ಟ್ರೂ ಕಲಿಸಲಿಲ್ಲ, ಆದರೂ ಯಾರೂ ತಪ್ಪುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಇದನ್ನು ಪತ್ತೆಹಚ್ಚಿದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ಮರುದಿನಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಗುರುತಿರುವ ಅಂಗಿಗಳನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದರಂತೆ. ಗೆಲುವಿನ ಬಗ್ಗೆ ಹೇಳುವಾಗ “ನಾವು” ಎನ್ನುವುದು ಸೋಲಿನ ಬಗ್ಗೆ ಹೇಳುವಾಗಿನದಕ್ಕಿಂತ ಹೆಚ್ಚಂತೆ. ಇದನ್ನು ತಿಳಿಯಲು ಸಂಶೋಧನೆ ಬೇಕಿತ್ತೇ? ನನ್ನನ್ನು ಕೇಳಿದ್ದರೆ ಸಾಕಿತ್ತು. ಕಳೆದ ಋತುವಿನಲ್ಲಿ ನಾನು ಸೋಫಾದ ಮೇಲೆ ಕುಳಿತು ಹದಿನಾಲ್ಕು ಪಂದ್ಯ ಗೆದ್ದಿದ್ದೇನೆ. ಅವರು ಒಂಬತ್ತು ಸೋತಿದ್ದಾರೆ.

ಇದು ಈ ಕಾಲದ ಹುಚ್ಚು ಎಂದು ಹಿರಿಯರು ಹೇಳಿದಾಗ ನಾನು ಅವರನ್ನು ಪೊಂಪೆಯಿಗೆ ಕರೆದುಕೊಂಡು ಹೋಗುತ್ತೇನೆ, ಮಾತಿನಲ್ಲಿ. ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಆ ರೋಮನ್ ಊರಿನ ಗೋಡೆಯ ಮೇಲೆ ಸೆಲಾಡಸ್ ಎಂಬ ಗ್ಲಾಡಿಯೇಟರ್‌ನ ಹೆಸರು ಕೆತ್ತಿದೆ, ಹುಡುಗಿಯರು ಅವನಿಗಾಗಿ ನಿಟ್ಟುಸಿರಿಡುತ್ತಾರೆ ಎಂದು. ಊರೇ ನಾಶವಾದರೂ ಅಭಿಮಾನ ಉಳಿಯಿತು! ರೋಮಿನ ರಥದೋಟದಲ್ಲಿ ಒಂದೊಂದು ತಂಡಕ್ಕೆ ಒಂದೊಂದು ಬಣ್ಣ. ಕೆಂಪು ತಂಡದ ಸಾರಥಿ ಫೆಲಿಕ್ಸ್ ತೀರಿಕೊಂಡಾಗ ಅವನ ಅಭಿಮಾನಿಯೊಬ್ಬ ಉರಿಯುವ ಚಿತೆಗೆ ಹಾರಿದ ಸಂಗತಿಯನ್ನು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಹಾರಿದವನಿಗಿಂತಲೂ ಎದುರು ಬಣದವರ ಪ್ರತಿಕ್ರಿಯೆ ನನಗೆ ಹೆಚ್ಚು ಇಷ್ಟ. ಸತ್ತ ಸಾರಥಿಗೆ ಇಷ್ಟು ದೊಡ್ಡ ಕೀರ್ತಿ ಸಲ್ಲಬಾರದಲ್ಲ! ಅವನು ಭಕ್ತಿಯಿಂದ ಹಾರಲಿಲ್ಲ, ಚಿತೆಗೆ ಸುರಿದ ಸುಗಂಧದ್ರವ್ಯಗಳ ಘಾಟಿಗೆ ತಲೆ ತಿರುಗಿ ಬಿದ್ದ ಎಂದು ಅವರು ವಾದಿಸಿದರಂತೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಮಾತಿದು. ನಾನು ನಿತ್ಯ ಮಾಡುವ ವಾದಗಳಲ್ಲಿ ಇದಕ್ಕಿಂತ ಹೊಸದೇನೂ ಇಲ್ಲ.

ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ, ರಥದೋಟದ ನೀಲಿ ತಂಡದ ಅಭಿಮಾನಿಗಳೂ ಹಸಿರು ತಂಡದವರೂ ತಲೆತಲಾಂತರದಿಂದ ಬಡಿದಾಡುತ್ತಿದ್ದರು. 532ರಲ್ಲಿ, ಚಕ್ರವರ್ತಿಯ ಮೇಲಿನ ಸಿಟ್ಟಿಗೆ, ಅಪರೂಪಕ್ಕೆ ಒಂದಾದರು. ಒಂದು ವಾರದೊಳಗೆ ನಗರದ ದೊಡ್ಡ ಭಾಗ ಸುಟ್ಟುಹೋಯಿತು. ಕೊನೆಗೆ ಸೈನಿಕರು ನುಗ್ಗಿ ರಥದೋಟದ ಅಂಗಳದಲ್ಲೇ ಸುಮಾರು 30,000 ಜನರನ್ನು ಕೊಂದರೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಆದ್ದರಿಂದ ಇಬ್ಬರು ತಾರೆಯರ ಅಭಿಮಾನಿಗಳು ಪರಸ್ಪರ ಬೈದಾಡುವುದನ್ನು ಕಂಡು ಬೇಸರಪಡುವವರಿಗೆ ನನ್ನದೊಂದು ಕಿವಿಮಾತು: ದಯವಿಟ್ಟು ರಾಜಿ ಮಾಡಿಸಲು ಹೋಗಬೇಡಿ.

ನಟರ ಬಳಿ ನನ್ನದು ಲೆಕ್ಕಪತ್ರ ವಿಭಾಗ. ಚಿತ್ರ ಹೇಗಿದೆ ಎಂದು ಕೇಳುವವರು ಹಳಬರು. ಮೊದಲ ದಿನ ಎಷ್ಟು ಬಂತು ಎನ್ನುವುದೊಂದೇ ಪ್ರಶ್ನೆ. ಟಿಕೆಟ್ ಮಾರಿ ಬಂದ ಒಟ್ಟು ಹಣ ಒಂದು, ತೆರಿಗೆ ಕಳೆದರೆ ಉಳಿಯುವುದು ಇನ್ನೊಂದು, ಚಿತ್ರಮಂದಿರದವರ ಪಾಲು ಹೋಗಿ ವಿತರಕರ ಕೈ ಸೇರುವುದು ಮತ್ತೊಂದು. ನಮ್ಮ ಚಿತ್ರಕ್ಕೆ ಮೊದಲನೆಯದನ್ನು, ಎದುರಿನವರ ಚಿತ್ರಕ್ಕೆ ಮೂರನೆಯದನ್ನು ಹೇಳಬೇಕು ಎಂಬುದು ಈ ವಿಭಾಗದಲ್ಲಿ ಮೊದಲ ದಿನ ಕಲಿಸುವ ಪಾಠ. ಅಷ್ಟು ಕೋಟಿಗಳನ್ನು ಬಾಯಿಲೆಕ್ಕದಲ್ಲಿ ಕೂಡಿ ಕಳೆಯುವ ನಾನು ನನ್ನದೇ ಆದಾಯ ತೆರಿಗೆಯ ಕಾಗದಗಳನ್ನು ಭಾವಮೈದುನನ ಕೈಯಲ್ಲಿ ತುಂಬಿಸುತ್ತೇನೆ. ಚಿತ್ರ ಸೋತರೆ ಕೂಡಲೇ ವಕಾಲತ್ತಿನ ವಿಭಾಗಕ್ಕೆ ವರ್ಗಾವಣೆ. ಕಥೆ ಕಾಲಕ್ಕಿಂತ ಮುಂದಿತ್ತು. ನಿರ್ದೇಶಕರು ಕೆಡಿಸಿದರು. ಬಿಡುಗಡೆಯ ವಾರ ಸರಿಯಿರಲಿಲ್ಲ. ನಟರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲರೂ ಆರೋಪಿಗಳು. ಅವರು ಈಗಲೂ ಕಾಲೇಜು ವಿದ್ಯಾರ್ಥಿಯ ಪಾತ್ರ ಮಾಡುತ್ತಾರೆ. ಪ್ರಾಂಶುಪಾಲರ ಪಾತ್ರ ಮಾಡುವವರು ಅವರಿಗಿಂತ ನಾಲ್ಕು ವರ್ಷ ಚಿಕ್ಕವರು. ಓದು ಮುಗಿಸಲು ಅವರಿಗೆ ಅವಸರವಿಲ್ಲ, ಅಷ್ಟೆ.

ಆಟಗಾರರಿಗೂ ವಕೀಲರು ಬೇಕಾಗುತ್ತದೆ. 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ವಿರುದ್ಧ ಡಿಯಾಗೊ ಮರಡೋನಾ ಕೈಯಿಂದ ಗೋಲು ಹೊಡೆದದ್ದು ಮೈದಾನದಲ್ಲಿ ತೀರ್ಪು ಕೊಡಬೇಕಾದವರನ್ನು ಬಿಟ್ಟು ಉಳಿದವರಿಗೆಲ್ಲ ಕಂಡಿತು. ಸ್ವಲ್ಪ ಮರಡೋನಾನ ತಲೆ, ಸ್ವಲ್ಪ ದೇವರ ಕೈ ಎಂದು ಅವರೇ ಹೇಳಿಕೊಂಡರು. ಆ ದಿನ ತೊಟ್ಟ ಅಂಗಿ 2022ರಲ್ಲಿ 71 ಲಕ್ಷ ಪೌಂಡಿಗೆ ಹರಾಜಾಯಿತು. ಅರ್ಜೆಂಟೀನಾದ ರೊಸಾರಿಯೊದಲ್ಲಿ ಅವರ ಹೆಸರಿನಲ್ಲಿ 1998ರಲ್ಲಿ ಒಂದು ಚರ್ಚೇ ಹುಟ್ಟಿಕೊಂಡಿದೆ. ಅಲ್ಲಿಯ ಶಕೆ ಅವರು ಹುಟ್ಟಿದ 1960ರಿಂದ ಶುರು. ನಾನು ಇಷ್ಟು ದೂರ ಹೋಗಿಲ್ಲ. ಆದರೆ ನನ್ನ ಮಗ ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, ಆ ಸೆಮಿಫೈನಲ್ ಆದ ಮರುವಾರ ಎಂದು ನೆನಪು ಮಾಡಿಕೊಂಡು ತಾರೀಖಿಗೆ ಬರುತ್ತೇನೆ.

ಅಂಗಿಯಾದರೂ ತೊಡುವ ವಸ್ತು. ಟೆಲಿವಿಷನ್ನಿನಲ್ಲಿ ಆಕಾಶನೌಕೆಯ ಕಪ್ತಾನನಾಗಿ ಹೆಸರಾದ ವಿಲಿಯಂ ಶಾಟ್ನರ್ 2006ರಲ್ಲಿ ತಮ್ಮ ಮೂತ್ರಪಿಂಡದ ಕಲ್ಲನ್ನು 25,000 ಡಾಲರಿಗೆ ಮಾರಿ, ಬಂದ ಹಣವನ್ನು ಬಡವರಿಗೆ ಮನೆ ಕಟ್ಟಿಕೊಡುವ ಕೆಲಸಕ್ಕೆ ಕೊಟ್ಟರು. ಕೊಂಡದ್ದು ಒಂದು ಆನ್‌ಲೈನ್ ಜೂಜಿನ ಸಂಸ್ಥೆ. ಬೀಟಲ್ಸ್ ಎಂಬ ಹಾಡುಗಾರರ ತಂಡದ ಜಾನ್ ಲೆನನ್ ಅವರ ಹುಳುಕು ಹಲ್ಲನ್ನು 2011ರಲ್ಲಿ ಕೆನಡಾದ ಒಬ್ಬ ದಂತವೈದ್ಯರು 19,000 ಪೌಂಡಿಗೂ ಹೆಚ್ಚು ಕೊಟ್ಟು ಕೊಂಡರು. ಹಲ್ಲು ಕಿತ್ತು ಹಣ ತೆಗೆದುಕೊಳ್ಳುವ ವೃತ್ತಿಯವರು ಹಣ ಕೊಟ್ಟು ಹಲ್ಲು ತೆಗೆದುಕೊಂಡ ಬೇರೆ ಉದಾಹರಣೆ ನನಗೆ ಗೊತ್ತಿಲ್ಲ. ನನ್ನ ಸೋದರಮಾವನಿಗೂ ಒಮ್ಮೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಅದನ್ನು ಪುಟ್ಟ ಶೀಶೆಯಲ್ಲಿಟ್ಟುಕೊಂಡು ಮನೆಗೆ ಬಂದವರಿಗೆಲ್ಲ ತೋರಿಸಲು ಹೋಗುತ್ತಿದ್ದರು. ಪುಕ್ಕಟೆಯಾಗಿ ನೋಡಲೂ ಯಾರೂ ಮುಂದೆ ಬರಲಿಲ್ಲ. ನಾನಂತೂ ಮುಖ ತಿರುಗಿಸಿದೆ.

ಗಾಯಕಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ನೌಕರಿಯಲ್ಲಿ ಗಂಟಲಿಗಷ್ಟೇ ಕೆಲಸ. ಅವಳ ಕಛೇರಿಗೆ ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಅವಳ ದನಿ ಕೇಳಿಸಿಲ್ಲ. ನನ್ನದು ಕೇಳಿಸಿದೆ. ಇದಕ್ಕೂ ಪರಂಪರೆಯಿದೆ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55,000ಕ್ಕೂ ಹೆಚ್ಚು ಜನ ಬೀಟಲ್ಸ್ ಹಾಡು ಕೇಳಲು ದುಡ್ಡು ಕೊಟ್ಟು ಬಂದು, ಹಾಡುತ್ತಿದ್ದವರಿಗೇ ತಮ್ಮ ಹಾಡು ಕೇಳಿಸದಷ್ಟು ಕಿರುಚಿದರು. ಮರುವರ್ಷ ಆ ನಾಲ್ವರು ಪ್ರವಾಸದ ಕಛೇರಿಗಳನ್ನೇ ಕೈಬಿಟ್ಟರು. ನನ್ನ ಗಾಯಕಿ ಇನ್ನೂ ಬಿಟ್ಟಿಲ್ಲ. ನಮ್ಮ ಪ್ರಯತ್ನ ಸಾಲದೇನೋ.

ಹೋದ ಭಾನುವಾರ ನನ್ನ ಆಟಗಾರ ಒಂಬತ್ತು ತಿಂಗಳ ಮೇಲೆ ಮೈದಾನಕ್ಕೆ ಮರಳಿದ. ಬದಲಿ ಆಟಗಾರನಾಗಿ, ಕೊನೆಯ ಇಪ್ಪತ್ತು ನಿಮಿಷಕ್ಕೆ. ನಾನು ಬೆಳಗಿನಿಂದ ನೀರು ಮಾತ್ರ ಕುಡಿದಿದ್ದೆ. ಅವನು ಗೆರೆ ದಾಟಿ ಒಳಗೆ ಓಡಿದಾಗ ನನ್ನ ಎಡ ಮೊಣಕಾಲು ತಾನಾಗಿಯೇ ನಡುಗಿತು. ಅಮ್ಮ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕುಳಿತಳು. ಸ್ವಲ್ಪ ಹೊತ್ತು ನೋಡಿದಳು.

“ಈ ಹುಡುಗನಿಗೆ ಪೆಟ್ಟಾಗಿದ್ದು ಯಾವ ಕಾಲಿಗೆ?”

ಅವಳು ಕೇಳಿದ್ದೇ ನನಗೆ ಸಂಭ್ರಮ. ಎಡಗಾಲು ಎಂದೆ. ಹರಿದದ್ದು ಹೇಗೆ, ಬೇರೆ ಕಡೆಯಿಂದ ತುಂಡು ತೆಗೆದು ಕೂರಿಸುವುದು ಹೇಗೆ, ಮೊದಲ ವಾರಗಳಲ್ಲಿ ಮಡಚಲು ಎಷ್ಟು ಕಷ್ಟ, ಮೆಟ್ಟಿಲು ಇಳಿಯುವಾಗ ಯಾವ ಕಾಲು ಮುಂದಿಡಬೇಕು, ಎಲ್ಲವನ್ನೂ ಬಿಡಿಸಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ತನ್ನ ಮೊಣಕಾಲಿನ ಮೇಲೆ ಅಂಗೈ ಇಟ್ಟುಕೊಂಡು ಮೆಲ್ಲನೆ ತೀಡಿದಳು.

“ನನ್ನದೂ ಅದೇ ಕಾಲು” ಎಂದಳು.

“ಒಂದು ನಿಮಿಷ ಇರಮ್ಮ” ಎಂದೆ. ಕಾರ್ನರ್ ಸಿಕ್ಕಿತ್ತು. ಹೊಡೆಯಲು ಅವನೇ ಹೋಗುತ್ತಿದ್ದ.