ಚಂದಾ ಕೊಟ್ಟವರ ಪಾರ್ಕು

ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ಹೊರಗಿನವರು ತಮಾಷೆ ಮಾಡುತ್ತಾರೆ. ನಾವೂ ನಗುತ್ತೇವೆ, ಏಪ್ರಿಲ್ ಬರುವ ತನಕ. 40 ಡಿಗ್ರಿ ದಾಟಿದ ಮೇಲೆ ನಗುವ ತ್ರಾಣ ಇರುವುದಿಲ್ಲ. ಹಗಲೆಲ್ಲ ಕಾದ ಕೋಟೆ ಗುಡ್ಡದ ಬಂಡೆ ರಾತ್ರಿ ಊಟದ ಹೊತ್ತಿಗೂ ಬಿಸಿ ಉಗುಳುತ್ತಲೇ ಇರುತ್ತದೆ. ಇಂಥ ಊರಲ್ಲಿ ಪಾರ್ಕು ಅಂದರೆ ಮೊದಲು ನೆರಳು. ಹೂವು ಗೀವು ಆಮೇಲೆ.

ನಮ್ಮ ಬಡಾವಣೆಯ ನಕ್ಷೆಯಲ್ಲಿ ಪಾರ್ಕು ಮೊದಲಿಂದಲೂ ಇತ್ತು. ಇಂಥ ಜಾಗ ಉಳಿಸೋಕೆ ಅಂತಲೇ 1985ರ ಕಾಯ್ದೆ ಇದೆ. ಆದರೆ ಕಾಯ್ದೆ ಬಂದು ಗಿಡಕ್ಕೆ ನೀರು ಹಾಕುತ್ತದಾ? ಜಾಗ ಉಳಿಯಿತು, ಅದರ ತುಂಬ ಬಳ್ಳಾರಿ ಜಾಲಿ ಬೆಳೆಯಿತು. ಆ ಗಿಡ ಬಂದಿದ್ದು ದೂರದ ಅಮೆರಿಕ ಖಂಡದಿಂದ, ಅಪವಾದ ಮಾತ್ರ ನಮ್ಮೂರಿಗೆ! ಕೊನೆಗೆ ಬೀದಿಯವರೇ ಸೇರಿ ಕಡಿದರು. ಮುಳ್ಳನ್ನು ಬಿಸಾಡಲಿಲ್ಲ, ಹೊಸ ಬೇವು, ಹೊಂಗೆ ಸಸಿಗಳ ಸುತ್ತ ಬೇಲಿ ಕಟ್ಟಿದರು. ಆಡುಗಳು ದೂರದಿಂದಲೇ ನೋಡಿಕೊಂಡು ಹೋದವು. ಹೊಂಗೆ ಆರಿಸಿದ್ದು ಜಾಣತನ. ಬಿಸಿಲು ಏರುವಷ್ಟರಲ್ಲಿ ಹಳೆ ಎಲೆ ಉದುರಿಸಿ, ಚಿಗುರು ತುಂಬಿಕೊಂಡು ನಿಂತಿರುತ್ತದೆ.

ಖರ್ಚಿಗೆ ಮನೆಗಿಷ್ಟು ಅಂತ ತಿಂಗಳ ಚಂದಾ. ಮಾಲಿಯ ಸಂಬಳ, ಬೋರಿನ ಕರೆಂಟ್ ಬಿಲ್ಲು, ಬೇಸಿಗೆಯಲ್ಲಿ ಟ್ಯಾಂಕರು, ಎಲ್ಲಾ ಅದರಲ್ಲೇ. ಚಂದಾ ಶುರುವಾದ ಮೇಲೆ ಒಂದು ವಿಚಿತ್ರ ಕಂಡೆ. ಜಾಲಿ ಬೆಳೆದಿದ್ದಾಗ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಈಗ ಎಲ್ಲರದೂ ದೂರೇ. ಗೇಟು ಐದಕ್ಕೇ ಯಾಕೆ ತೆಗೆಯಲ್ಲ? ಬೆಂಚಿಗೆ ಈ ಬಣ್ಣ ಹಚ್ಚಿದ ಪುಣ್ಯಾತ್ಮ ಯಾರು? ಹಾಗೆ ಬೈಯುವವರ ದನಿಯಲ್ಲಿ ಒಂಥರಾ ಖುಷಿ ಇರುತ್ತದೆ, ಮನೆಮಗನನ್ನು ಬೈದ ಹಾಗೆ. ವಾರಗಟ್ಟಲೆ ಯಾರೂ ಬೈಯದಿದ್ದರೆ ನನಗೆ ಪಾರ್ಕಿನ ಚಿಂತೆ ಹತ್ತುತ್ತದೆ.

ಮೂಲೆಮನೆಯ ಅಜ್ಜಿ ಒಂದು ರೂಪಾಯಿ ಚಂದಾ ಕೊಟ್ಟವರಲ್ಲ. ಆದರೆ ದಿನಾ ಅಕ್ಕಿ ತೊಳೆದ ನೀರು ತಂದು ಒಂದು ಬೇವಿನ ಬುಡಕ್ಕೆ ಸುರಿಯುತ್ತಾರೆ. ಸುರಿದು, ಕಾರ್ಯದರ್ಶಿಯನ್ನು ಕರೆಯುತ್ತಾರೆ: "ತಮ್ಮಾ, ಆ ನಳ ಸೋರಾಕತ್ತೈತಿ, ನಿನಗ ಕಣ್ಣು ಕಾಣಂಗಿಲ್ಲೇನು?" ಅಜ್ಜಿಯ ಚಂದಾ ಪಾತ್ರೆಯಲ್ಲಿ ಬರುತ್ತದೆ ಅಂತ ಲೆಕ್ಕ ಬರೆಯುವವರೂ ಒಪ್ಪಿಕೊಂಡಿದ್ದಾರೆ.

ಸಂಜೆ ಆದರೆ ಜೋಕಾಲಿಗೆ ಮಕ್ಕಳ ಜಗಳ. ಸಕ್ಕರೆ ಕಾಯಿಲೆಯವರು ಬಿರಬಿರನೆ ಸುತ್ತು ಹಾಕಿ, ಗೇಟಿನಾಚೆಯ ಗಾಡಿಯಲ್ಲಿ ಮಿರ್ಚಿ, ಮಂಡಕ್ಕಿ ಒಗ್ಗರಣೆ ತಿಂದು ಮನೆಗೆ ಹೋಗುತ್ತಾರೆ. ನಡೆದಿದ್ದಕ್ಕೆ ಬಹುಮಾನ ಬೇಡವಾ ಮತ್ತೆ? ರಿಟೈರ್ ಆದವರ ಬೆಂಚಿನಲ್ಲಿ ಮಾತೆಲ್ಲ ತುಂಗಭದ್ರಾ ಡ್ಯಾಮಿನದು. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನು ಕಿತ್ತ ಸುದ್ದಿ ಅಲ್ಲಿ ಇನ್ನೂ ಹಳೆಯದಾಗಿಲ್ಲ. ಆ ಚೈನನ್ನು ತಾವೇ ಹೇಗೆ ಕಾಪಾಡಬಹುದಿತ್ತು ಅನ್ನುವುದು ಎಲ್ಲರಿಗೂ ಗೊತ್ತು. ಪಾರ್ಕಿನ ನಳ ಸೋರುವುದು ಮಾತ್ರ ಅಜ್ಜಿಗೇ ಕಾಣಬೇಕು.

ಈಗ ಹೊಸ ಗಲಾಟೆ. ಬೆಂಗಳೂರಿಂದ ಬಂದ ಒಬ್ಬರಿಗೆ ಇಲ್ಲಿ ಹುಲ್ಲುಹಾಸು ಬೇಕಂತೆ, ನಡುವೆ ಕಾರಂಜಿಯೂ ಬೇಕಂತೆ. ಕುಡಿಯೋ ನೀರಿಗೇ ಡ್ರಮ್ಮು ಸಾಲು ಇಡುವ ಊರಲ್ಲಿ ನೀರನ್ನು ಸುಮ್ನೆ ಮೇಲಕ್ಕೆ ಹಾರಿಸುವುದಾ? ಭಾನುವಾರ ಮೀಟಿಂಗು. ಈ ತಿಂಗಳ ಚಂದಾ ನಾನು ಮೊದಲೇ ಕಟ್ಟಿ, ರಸೀದಿ ಜೇಬಲ್ಲಿ ಇಟ್ಟುಕೊಂಡಿದ್ದೇನೆ.